ಆರು ಕಾಲಿನ ಅಷ್ಟಪಾದಿ

ಎಂಟು ಕಾಲುಗಳಿರುವುದರಿಂದಲೇ ಅಷ್ಟಪಾದಿಗೆ ಆ ಹೆಸರು ಬಂದದ್ದು. ಆದರೆ 1955ರಲ್ಲಿ, ಬೆಳ್ಳಿತೆರೆಯ ಮೇಲೆ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಲಗ್ಗೆಯಿಟ್ಟ ಅಷ್ಟಪಾದಿಯೊಂದಕ್ಕೆ ಇದ್ದದ್ದು ಆರೇ ಕಾಲುಗಳು. ಆ ಚಿತ್ರದ ಹೆಸರು 'ಇಟ್ ಕೇಮ್ ಫ್ರಮ್ ಬಿನೀತ್ ದಿ ಸೀ'; ಕಡಲ ತಳದಿಂದ ಎದ್ದು ಬಂದದ್ದು ಎಂದು ಅರ್ಥ. ಆ ಪ್ರಾಣಿಯನ್ನು ರೂಪಿಸಿದವರು ರೇ ಹ್ಯಾರಿಹೌಸೆನ್. ಕೀಲುಗಳುಳ್ಳ ಲೋಹದ ಎಲುಬುಗೂಡಿಗೆ ರಬ್ಬರಿನ ಮೈ ಹೊದಿಸಿದ ಒಂದು ಗೊಂಬೆ ಅದು. ಅದನ್ನು ಕೂದಲೆಳೆಯಷ್ಟು ಕದಲಿಸುವುದು, ಒಂದು ಚಿತ್ರ ತೆಗೆಯುವುದು. ಮತ್ತೆ ಕದಲಿಸುವುದು, ಮತ್ತೊಂದು ಚಿತ್ರ ತೆಗೆಯುವುದು. ಹೀಗೆ 24 ಚಿತ್ರಗಳಾದರೆ ತೆರೆಯ ಮೇಲೆ ಒಂದು ಸೆಕೆಂಡು ಕಳೆಯುತ್ತದೆ. ಕಾಲೊಂದು ಹೆಚ್ಚಿದರೆ ಮಾಡುವ ಖರ್ಚೂ ಹೆಚ್ಚು, ಕದಲಿಸುವ ಹೊತ್ತೂ ಹೆಚ್ಚು. ನಿರ್ಮಾಪಕರದು ಬಿಗಿಮುಷ್ಟಿ. ಎರಡು ಕಾಲುಗಳನ್ನು ಬಿಟ್ಟುಬಿಟ್ಟರು. ಗೋಲ್ಡನ್ ಗೇಟ್ ಸೇತುವೆಯ ಕಂಬವನ್ನು ಅಪ್ಪಿ ಮುರಿಯುತ್ತಿದ್ದ ಆ ಜಂತುವನ್ನು ನೋಡಿದ ಪ್ರೇಕ್ಷಕರು, ಉಳಿದೆರಡು ಕಾಲುಗಳು ನೀರಿನಲ್ಲಿ ಮುಳುಗಿರಬಹುದೆಂದು ತಾವೇ ಊಹಿಸಿಕೊಂಡರು.

ಆ ಸೇತುವೆಯ ಮೇಲೆ ಚಿತ್ರೀಕರಣಕ್ಕೆ ನಗರದ ಅಧಿಕಾರಿಗಳು ಅನುಮತಿ ಕೊಡಲಿಲ್ಲ. ಸೇತುವೆ ಮುರಿದು ಬೀಳುವುದನ್ನು ತೆರೆಯ ಮೇಲೆ ಕಂಡ ಜನರಿಗೆ ನಿಜವಾದ ಸೇತುವೆಯ ಭದ್ರತೆಯಲ್ಲಿಯೇ ಶಂಕೆ ಹುಟ್ಟೀತೆಂದು ಅವರ ಅಂಜಿಕೆ. ಎರಡು ಕಾಲು ಕಡಿಮೆಯಾದ ರಬ್ಬರಿನ ಗೊಂಬೆಯೊಂದು ಮಹಾನಗರದ ಆಡಳಿತಕ್ಕೆ ಇಷ್ಟು ಕಳವಳ ಹುಟ್ಟಿಸಿತೆಂಬುದು ಸಾಮಾನ್ಯ ಸಂಗತಿಯೇನಲ್ಲ.

ಈ ಬಗೆಯ ಚಲಚ್ಚಿತ್ರಗಳನ್ನು ಕುರಿತು ಸ್ವಲ್ಪ ಹೊತ್ತು ಮಾತನಾಡಬೇಕೆಂದಿದ್ದೇನೆ. ಕಡಿಮೆ ಹಣದಲ್ಲಿ, ಕಡಿಮೆ ದಿನಗಳಲ್ಲಿ ತಯಾರಾದ, ಬೆಟ್ಟದಂಥ ಮೃಗಗಳು ಊರನ್ನು ತುಳಿದು ಹಾಳುಮಾಡುವ ಕಥೆಗಳು ಇವು. ಜಪಾನೀಯರು ಇಂಥ ಮೃಗವನ್ನು 'ಕೈಜು' ಎನ್ನುತ್ತಾರೆ. ವಿಚಿತ್ರ ಪ್ರಾಣಿ ಎಂಬುದು ಅದರ ಅರ್ಥ. ಸಾಹಿತ್ಯಾಭಿರುಚಿಯುಳ್ಳವರು ಇವುಗಳ ಹೆಸರೆತ್ತಿದರೆ ಮುಗುಳ್ನಗುವುದುಂಟು. ನಗಲು ಕಾರಣಗಳೂ ಬೇಕಾದಷ್ಟಿವೆ. ಹಾರುವ ಜಂತುವನ್ನು ತೂಗಿಬಿಟ್ಟ ತಂತಿ ಕಾಣುತ್ತದೆ. ಉರುಳುವ ಕಟ್ಟಡದೊಳಗೆ ಕೋಣೆಗಳಿಲ್ಲದಿರುವುದು ಕಾಣುತ್ತದೆ. ಮೃಗದ ಮೊಣಕಾಲಿನ ಹಿಂದೆ ರಬ್ಬರು ಮಡಿಕೆ ಬೀಳುವುದು ಕಾಣುತ್ತದೆ. ಇಷ್ಟೆಲ್ಲ ಕಂಡ ಮೇಲೂ ಇವು ನಮ್ಮನ್ನು ಸೆಳೆಯುತ್ತವೆ. ಎಪ್ಪತ್ತು ವರ್ಷ ಕಳೆದರೂ ಜನ ಇವನ್ನು ಹುಡುಕಿಕೊಂಡು ಹೋಗಿ ನೋಡುತ್ತಾರೆ. ಬರಿಯ ಹಾಸ್ಯಕ್ಕಾಗಿಯೇ ನೋಡುತ್ತಾರೆಂದರೆ ನನಗೆ ಸಮಾಧಾನವಾಗುವುದಿಲ್ಲ. ಹಾಸ್ಯ ಒಂದು ಸಲಕ್ಕೆ ಸಾಕಾಗುತ್ತದೆ. ಹತ್ತು ಸಲ ನೋಡಿಸುವ ಶಕ್ತಿ ಅದಕ್ಕಿಲ್ಲ.

ಈ ಪರಂಪರೆಯ ಮೂಲಪುರುಷನೆಂದರೆ 1933ರ 'ಕಿಂಗ್ ಕಾಂಗ್'. ವಿಲಿಸ್ ಓಬ್ರಿಯನ್ ಎಂಬ ಕಲಾವಿದರು ಆಗಲೇ ಹೇಳಿದ ಕ್ರಮದಲ್ಲಿ, ಒಂದೊಂದೇ ಚಿತ್ರವಾಗಿ, ಆ ವಾನರನಿಗೆ ಜೀವ ತುಂಬಿದ್ದರು. ಅದನ್ನು ಕಂಡು ಬೆರಗಾದವರಲ್ಲಿ ಜಪಾನಿನ ಐಜಿ ತ್ಸುಬುರಾಯ ಒಬ್ಬರು. 1954ರಲ್ಲಿ ತೊಹೊ ಸಂಸ್ಥೆ 'ಗೊಜಿರಾ' ಎಂಬ ಚಿತ್ರಕ್ಕೆ ಕೈಹಾಕಿದಾಗ ತಂತ್ರದೃಶ್ಯಗಳ ಹೊಣೆ ಅವರ ಪಾಲಿಗೆ ಬಂತು. ಗೊರಿಲ್ಲಾ ಮತ್ತು ತಿಮಿಂಗಿಲ, ಈ ಎರಡರ ಜಪಾನೀ ಹೆಸರುಗಳನ್ನು ಬೆಸೆದು ಮಾಡಿದ ಹೆಸರು ಅದು. ಹೊರಜಗತ್ತು ಅದನ್ನು 'ಗಾಡ್ಜಿಲ್ಲಾ' ಎಂದು ಕರೆಯಿತು. ಓಬ್ರಿಯನ್ನರ ವಿಧಾನವನ್ನೇ ಅನುಸರಿಸಬೇಕೆಂದು ತ್ಸುಬುರಾಯರ ಆಸೆ. ಲೆಕ್ಕ ಹಾಕಿ ನೋಡಿದರೆ ಅದಕ್ಕೆ ಏಳು ವರ್ಷ ಬೇಕು. ಇದ್ದದ್ದು ಕೆಲವೇ ತಿಂಗಳು. ಕೊನೆಗೆ ಒಬ್ಬ ಮನುಷ್ಯನಿಗೆ ವೇಷ ಹಾಕುವುದೆಂದು ನಿಶ್ಚಯವಾಯಿತು.

ಆ ಮನುಷ್ಯ ಹರುವೊ ನಕಜಿಮಾ. ಮೊದಲ ವೇಷದ ತೂಕವೇ ಸುಮಾರು 100 ಕಿಲೋ. ಬೇಸಗೆಯ ದಿನಗಳು, ಮೇಲೆ ಉರಿಯುವ ದೀಪಗಳು, ಒಳಗೆ ಉಸಿರಾಡಲು ಕಷ್ಟ. ಅದನ್ನು ಹೊತ್ತು ನಾಲ್ಕು ಹೆಜ್ಜೆ ಇಡುವುದೇ ಸಾಹಸ. ನಕಜಿಮಾ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳು ಹೇಗೆ ಪಾದ ಊರುತ್ತವೆಂದು ನೋಡಿಕೊಂಡು ಬಂದರಂತೆ. ಎರಡು ಮೀಟರಿನ ವೇಷ ಐವತ್ತು ಮೀಟರಿನ ಮೃಗವಾಗಬೇಕಾದರೆ ಸುತ್ತಲಿನ ನಗರ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯಬೇಕು. ಬಡಗಿಗಳು, ಬಣ್ಣಗಾರರು ಸೇರಿ ಟೋಕಿಯೊದ ಬೀದಿಗಳನ್ನು ಆ ಅಳತೆಯಲ್ಲಿ ಕಟ್ಟಿದರು. ಕ್ಯಾಮೆರಾವನ್ನು ಸಹಜ ವೇಗಕ್ಕಿಂತ ಬೇಗ ಓಡಿಸಿ ಚಿತ್ರ ತೆಗೆದರೆ, ತೆರೆಯ ಮೇಲೆ ಚಲನೆ ನಿಧಾನವಾಗುತ್ತದೆ. ಚಲನೆ ನಿಧಾನವಾದರೆ ದೇಹಕ್ಕೆ ಭಾರ ಬರುತ್ತದೆ. ಆ ಮೃಗದ ಕೂಗನ್ನು ಯಾವ ಪ್ರಾಣಿಯಿಂದಲೂ ತರಲಿಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆಯವರು, ರಾಳ ಸವರಿದ ಚರ್ಮದ ಕೈಗವಸಿನಿಂದ ದೊಡ್ಡ ತಂತಿವಾದ್ಯವೊಂದರ ಸಡಿಲ ತಂತಿಯನ್ನು ಉಜ್ಜಿಸಿ, ಆ ಧ್ವನಿಯ ವೇಗವನ್ನು ತಗ್ಗಿಸಿ ಅದನ್ನು ಪಡೆದರು. ಒಮ್ಮೆ ಕೇಳಿದವರು ಮರೆಯಲಾರದ ಆಕ್ರಂದನ ಅದು. ಕೋಪವೊ ನೋವೊ ಹೇಳಲು ಬಾರದು.

'ಗೊಜಿರಾ' ಅಂದಿನ ಜಪಾನಿನ ಲೆಕ್ಕದಲ್ಲಿ ಅಗ್ಗದ ಚಿತ್ರವಾಗಿರಲಿಲ್ಲ. ಅಲ್ಲಿಯ ಸಾಮಾನ್ಯ ಚಿತ್ರಗಳಿಗಿಂತ ಅದಕ್ಕೆ ಹೆಚ್ಚೇ ಖರ್ಚಾಗಿತ್ತು. ಆದರೆ ಅದು ಹೊತ್ತ ಹೊರೆಗೆ ಹೋಲಿಸಿದರೆ ಆ ಹಣ, ಆ ಕಾಲ, ಆ ಸಲಕರಣೆ ತೀರ ಅಲ್ಪ. ಆ ಹೊರೆ ಯಾವುದೆಂಬುದನ್ನು ಹೇಳಬೇಕು.

1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಒಂದು ಹೈಡ್ರೋಜನ್ ಬಾಂಬನ್ನು ಸಿಡಿಸಿತು. ಎಣಿಸಿದ್ದಕ್ಕಿಂತ ಬಹಳ ದೊಡ್ಡದಾದ ಆ ಸ್ಫೋಟದ ಬೂದಿ, ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ ಮೇಲೆ ಸುರಿಯಿತು. ದೋಣಿಯ ಹೆಸರು 'ದೈಗೊ ಫುಕುರ್ಯು ಮಾರು'. ಅದರಲ್ಲಿ 23 ಮಂದಿ ಬೆಸ್ತರು. ಅವರೆಲ್ಲರೂ ವಿಕಿರಣದಿಂದ ಕಾಯಿಲೆ ಬಿದ್ದರು. ದೋಣಿಯ ರೇಡಿಯೊ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. 'ಗೊಜಿರಾ' ತೆರೆ ಕಂಡದ್ದು ನವೆಂಬರ್ 3ರಂದು. ಚಿತ್ರ ಮೊದಲಾಗುವುದೇ ಸಮುದ್ರದ ನಡುವೆ ಹಠಾತ್ತನೆ ಬೆಳಕು ಹೊಮ್ಮಿ ಹಡಗೊಂದು ಸುಟ್ಟುಹೋಗುವುದರಿಂದ. ಅಂದು ಚಿತ್ರಮಂದಿರದಲ್ಲಿ ಕುಳಿತಿದ್ದವರಿಗೆ ಯಾರೂ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಿರ್ದೇಶಕ ಇಶಿರೊ ಹೊಂಡಾ ಸೈನಿಕರಾಗಿ ಚೀನಾದಲ್ಲಿದ್ದವರು. ಯುದ್ಧ ಮುಗಿದು ಊರಿಗೆ ಮರಳುವಾಗ ಹಿರೋಶಿಮಾದ ಮೂಲಕ ಹಾದು ಬಂದವರು. ಆಮೇಲೆ ಅಮೆರಿಕದ ಸೇನಾಡಳಿತ 1952ರವರೆಗೆ ಜಪಾನನ್ನು ಆಳಿತು. ಆ ವರ್ಷಗಳಲ್ಲಿ ಅಣುಬಾಂಬಿನ ಅನಾಹುತವನ್ನು ಮನಬಿಚ್ಚಿ ಬರೆಯಲು, ತೋರಿಸಲು ನಿರ್ಬಂಧಗಳಿದ್ದವು. ಹೀಗೆ ಒಂದು ಜನಾಂಗದ ಎದೆಯಲ್ಲಿ ಉಳಿದುಹೋದ ಮಾತು ರಬ್ಬರಿನ ಮೃಗದ ರೂಪದಲ್ಲಿ ಹೊರಬಿತ್ತು. ಗೊಜಿರಾ ನಗರವನ್ನು ಸುಟ್ಟು ಹೋದ ಮೇಲೆ ಬರುವ ದೃಶ್ಯಗಳು ಗಾಯಾಳುಗಳಿಂದ ತುಂಬಿದ ಆಸ್ಪತ್ರೆಯವು. ಮಗುವಿನ ಮೈಗೆ ವಿಕಿರಣಮಾಪಕ ಹಿಡಿದ ವೈದ್ಯ ಮಾತಿಲ್ಲದೆ ತಲೆಯಾಡಿಸುತ್ತಾನೆ. ಅದಕ್ಕೂ ಮೊದಲು, ಉರಿಯುವ ಬೀದಿಯಲ್ಲಿ ತಾಯಿಯೊಬ್ಬಳು ಮಕ್ಕಳನ್ನು ಅವುಚಿಕೊಂಡು, ಇನ್ನೇನು ಅಪ್ಪನ ಬಳಿಗೆ ಹೋಗಿಬಿಡುತ್ತೇವೆ ಎಂದು ಸಂತೈಸುತ್ತಾಳೆ. ಅಪ್ಪ ಎಲ್ಲಿದ್ದಾನೆಂದು ಚಿತ್ರ ಹೇಳುವುದಿಲ್ಲ. ಯುದ್ಧ ಮುಗಿದು ಒಂಬತ್ತೇ ವರ್ಷವಾಗಿತ್ತು. 1956ರಲ್ಲಿ ಈ ಚಿತ್ರವನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಿದವರು ಒಬ್ಬ ಅಮೆರಿಕನ್ ಪತ್ರಕರ್ತನ ಪಾತ್ರವನ್ನು ಹೊಸದಾಗಿ ಸೇರಿಸಿ, ಬಾಂಬಿನ ಮಾತುಗಳಲ್ಲಿ ಬಹುಭಾಗವನ್ನು ತೆಗೆದುಹಾಕಿದರು. ಉಳಿದದ್ದು ಊರು ಕೆಡವುವ ಮೃಗ. ಇಂಥ ಚಿತ್ರಗಳೆಂದರೆ ಬರಿಯ ಗದ್ದಲವೆಂಬ ಅಭಿಪ್ರಾಯ ಹರಡಲು ಆ ಕತ್ತರಿಯೂ ಒಂದು ಕಾರಣವಾಗಿರಬೇಕು.

ಕೆಲವು ವರ್ಷಗಳ ಕೆಳಗೆ ನಮ್ಮ ಊರಿನ ಚಿತ್ರಸಮಾಜದವರು ಈ ಚಿತ್ರದ ಜಪಾನೀ ಪ್ರತಿಯನ್ನು ತರಿಸಿ ತೋರಿಸಿದರು. ನನ್ನ ಪಕ್ಕದಲ್ಲಿ ನೆರೆಮನೆಯ ಎಂಟು ವರ್ಷದ ಹುಡುಗ. ಮೃಗ ಕಾಣಿಸಿಕೊಂಡ ಕೂಡಲೆ, "ಅಜ್ಜ, ಅದರೊಳಗೆ ಮನುಷ್ಯ ಇದ್ದಾನೆ" ಎಂದು ಕಿಲಕಿಲನೆ ನಕ್ಕ. ಹೌದಪ್ಪ, ಇದ್ದಾನೆ ಎಂದೆ. ತಾಯಿ ಮತ್ತು ಮಕ್ಕಳ ದೃಶ್ಯ ಬಂದಾಗ ಪರದೆಯ ಕೆಳಗಿನ ಇಂಗ್ಲಿಷ್ ಸಾಲನ್ನು ಅವನ ಕಿವಿಯಲ್ಲಿ ಕನ್ನಡಿಸಿ ಹೇಳಿದೆ. ಅವನ ನಗು ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ, "ಆ ಮಕ್ಕಳು ಬದುಕಿದರಾ ಅಜ್ಜ?" ಎಂದು ಕೇಳಿದ. ಒಳಗೆ ಮನುಷ್ಯನಿದ್ದಾನೆಂಬ ತಿಳಿವಳಿಕೆ ಅವನಿಗೆ ಆಗಲೂ ಇತ್ತು. ಅದರಿಂದ ಅವನ ಕಳವಳಕ್ಕೆ ಏನೂ ಅಡ್ಡಿಯಾಗಲಿಲ್ಲ.

ಕಲಾಸ್ವಾದದಲ್ಲಿ ನಾವು ಅಪನಂಬಿಕೆಯನ್ನು ಬದಿಗಿಡುತ್ತೇವೆಂದು ವಿಮರ್ಶಕರು ಹೇಳುತ್ತಾರೆ. ಈ ಚಿತ್ರಗಳ ಮುಂದೆ ಕುಳಿತವನು ಅದನ್ನು ಬದಿಗಿಡುವುದೇ ಇಲ್ಲ. ತೊಡೆಯ ಮೇಲೆ ಇಟ್ಟುಕೊಂಡೇ ಕೂರುತ್ತಾನೆ. ನಮಗೆ ಇದು ಹೊಸದಲ್ಲ. ಯಕ್ಷಗಾನದ ಬಣ್ಣದ ವೇಷವನ್ನು ನೆನೆದುಕೊಳ್ಳಿ. ಅಕ್ಕಿಹಿಟ್ಟಿನ ಚುಟ್ಟಿಯನ್ನು ಗಂಟೆಗಟ್ಟಲೆ ಕುಳಿತು ಇಟ್ಟುಕೊಂಡ ಕಲಾವಿದ ಯಾರೆಂದು ಊರಿಗೆಲ್ಲ ಗೊತ್ತು. ತೆರೆಯ ಹಿಂದಿನಿಂದ ಆರ್ಭಟ ಕೇಳಿಸಿತೆಂದರೆ ಮುಂದಿನ ಸಾಲಿನ ಮಕ್ಕಳು ಹಿಂದಕ್ಕೆ ಸರಿಯುತ್ತಾರೆ; ದೊಡ್ಡವರ ಮೈಯೂ ಜುಮ್ಮೆನ್ನುತ್ತದೆ. ವೇಷ ಹಾಕಿದವನ ಶ್ರಮವೂ ವೇಷದ ಭೀಕರತೆಯೂ ಒಟ್ಟೊಟ್ಟಿಗೆ ಕಾಣುವುದರಲ್ಲಿ ಒಂದು ಸುಖವಿದೆ. ನಕಜಿಮಾರ ಗೊಜಿರಾದಲ್ಲಿ ಸಿಗುವುದು ಅದೇ ಸುಖ. ಮೃಗ ಮುಗ್ಗರಿಸಿದಾಗ ಒಳಗಿನವನ ಆಯಾಸ ನಮಗೆ ತಾಗುತ್ತದೆ, ಆ ಆಯಾಸವೇ ಮೃಗದ ಆಯಾಸವಾಗುತ್ತದೆ. ಭಯಾನಕದ ಜೊತೆಗೆ ಕರುಣವೂ ಹುಟ್ಟುವುದು ಹೀಗೆ.

ಇನ್ನು ನಿಜವಾಗಿಯೂ ಬಡತನದ ದಿನಗಳಿಗೆ ಬರೋಣ. 1958ರಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ ಮಾರಾಟವಾದ ಟಿಕೆಟುಗಳು 100 ಕೋಟಿಗೂ ಮಿಕ್ಕಿದ್ದವು. ಮನೆಮನೆಗೆ ದೂರದರ್ಶನ ಬಂತು. 1970ರ ದಶಕದ ಹೊತ್ತಿಗೆ ಆ ಸಂಖ್ಯೆ 20 ಕೋಟಿಗೂ ಕೆಳಗೆ ಇಳಿಯಿತು. ಚಿತ್ರಗಳಿಗೆ ಹಣ ಕಡಿಮೆಯಾಯಿತು, ಮೃಗಗಳ ಪ್ರೇಕ್ಷಕರು ಹೆಚ್ಚಾಗಿ ಮಕ್ಕಳೇ ಆದರು. ದಾಯೇಯ್ ಎಂಬ ಇನ್ನೊಂದು ಸಂಸ್ಥೆ ನಿಜವಾದ ಇಲಿಗಳನ್ನು ಕಿರುಮಾದರಿ ನಗರದಲ್ಲಿ ಓಡಿಸಿ ಚಿತ್ರ ತೆಗೆಯಲು ಹೊರಟಿತ್ತು. ಇಲಿಗಳ ಮೈಯ ಹುಳುಗಳ ಕಾಟಕ್ಕೆ ಆ ಕೆಲಸ ಅಲ್ಲಿಗೇ ನಿಂತಿತು. ಅದಾದ ಮೇಲೆ ಅವರು ತಂದದ್ದು 1965ರ 'ಗಮೆರಾ'. ಕಾಲು ತಲೆಗಳನ್ನು ಚಿಪ್ಪಿನೊಳಗೆ ಎಳೆದುಕೊಂಡು, ಆ ತೂತುಗಳಿಂದ ಬೆಂಕಿ ಉಗುಳುತ್ತ, ತಿರುಗುವ ತಟ್ಟೆಯಂತೆ ಆಕಾಶದಲ್ಲಿ ಹಾರುವ ಆಮೆ! ನಿರ್ದೇಶಕ ನೊರಿಯಾಕಿ ಯುವಾಸಾ. ತೊಹೊದವರು ವರ್ಣಚಿತ್ರಗಳನ್ನು ಮಾಡುತ್ತಿದ್ದ ಕಾಲದಲ್ಲಿ ಇದು ಕಪ್ಪು ಬಿಳುಪು. ದೀಪಸ್ತಂಭವನ್ನು ಕೆಡವಿದ ಆ ಆಮೆಯೇ, ಅದರ ತುದಿಯಿಂದ ಜಾರಿದ ಬಾಲಕನನ್ನು ಅಂಗೈಯಲ್ಲಿ ಹಿಡಿದು ನೆಲಕ್ಕಿಳಿಸುತ್ತದೆ. ಮಕ್ಕಳು ಅದನ್ನು ತಮ್ಮದೆಂದು ಒಪ್ಪಿಕೊಂಡುಬಿಟ್ಟರು. 1971ರಲ್ಲಿ ದಾಯೇಯ್ ದಿವಾಳಿಯಾಗುವವರೆಗೆ ಗಮೆರಾ ಚಿತ್ರ ವರ್ಷಕ್ಕೊಂದರಂತೆ ಬಂತು.

ಈ ಅವಧಿಯ ಚಿತ್ರಗಳಲ್ಲಿ ನನಗೆ ಅತಿ ಪ್ರಿಯವಾದದ್ದು, ಎಲ್ಲರೂ ತೀರ ಕೀಳೆಂದು ತಳ್ಳಿದ ಒಂದು ಚಿತ್ರ. 1969ರಲ್ಲಿ ಹೊಂಡಾ ಅವರೇ ನಿರ್ದೇಶಿಸಿದ್ದು. ಇಂಗ್ಲಿಷಿನಲ್ಲಿ 'ಆಲ್ ಮಾನ್‌ಸ್ಟರ್ಸ್ ಅಟ್ಯಾಕ್' ಎಂದು ಹೆಸರು. ತ್ಸುಬುರಾಯರ ಆರೋಗ್ಯ ಕೆಟ್ಟಿತ್ತು. ಮುಂದಿನ ಜನವರಿಯಲ್ಲಿ ಅವರು ತೀರಿಕೊಂಡರು. ತಂತ್ರದೃಶ್ಯಗಳನ್ನೂ ಹೊಂಡಾ ಅವರೇ ನೋಡಿಕೊಂಡರು. ಮೃಗಗಳ ಕಾಳಗಗಳಲ್ಲಿ ಬಹುಪಾಲು ಹೊಸವಲ್ಲ, 1966 ಮತ್ತು 1967ರ ಚಿತ್ರಗಳಿಂದ ಕತ್ತರಿಸಿ ತಂದವು. ಇದೇ ಆ ಚಿತ್ರದ ಮೇಲಿನ ದೊಡ್ಡ ಆಕ್ಷೇಪಣೆ.

ಕಥೆ ಹೀಗಿದೆ. ಕಾರ್ಖಾನೆಗಳ ಹೊಗೆ ತುಂಬಿದ ಕವಾಸಾಕಿ ನಗರ. ಅಲ್ಲಿ ಇಚಿರೊ ಎಂಬ ಹುಡುಗ. ತಂದೆ ತಾಯಿ ಇಬ್ಬರೂ ದುಡಿಯಲು ಹೋಗುತ್ತಾರೆ. ಅವನು ಶಾಲೆಯಿಂದ ಬಂದು, ತನ್ನ ಬಳಿಯಿರುವ ಕೀಲಿಯಿಂದ ಬಾಗಿಲು ತೆರೆದು, ಬರಿದಾದ ಮನೆಯೊಳಗೆ ಹೋಗುತ್ತಾನೆ. ಬೀದಿಯ ಪುಂಡ ಹುಡುಗರು ಅವನನ್ನು ಕಾಡುತ್ತಾರೆ. ಅವನಿಗಿರುವ ಒಂದೇ ಆಸರೆ ಕನಸು. ಕನಸಿನಲ್ಲಿ ಅವನು ಮೃಗಗಳ ದ್ವೀಪಕ್ಕೆ ಹೋಗುತ್ತಾನೆ. ಅಲ್ಲಿ ಗೊಜಿರಾದ ಮರಿ ಅವನ ಎತ್ತರಕ್ಕೇ ಕುಗ್ಗಿ ಬಂದು ಮಾತನಾಡಿಸುತ್ತದೆ. ಅದನ್ನೂ ಅಲ್ಲಿ ಒಂದು ದೊಡ್ಡ ಮೃಗ ಪೀಡಿಸುತ್ತಿರುತ್ತದೆ. ಹೆದರಿದರೂ ಎದುರು ನಿಲ್ಲಬೇಕೆಂದು ಆ ಮರಿಯನ್ನು ನೋಡಿ ಹುಡುಗ ಕಲಿಯುತ್ತಾನೆ. ಹಳೆಯ ದೃಶ್ಯಗಳು ಬರುವುದು ಈ ಕನಸುಗಳಲ್ಲಿ. ಹಣವಿಲ್ಲದೆ ಹಾಗೆ ಮಾಡಿದರೆಂಬುದು ನಿಜ. ಆದರೆ ಒಂಟಿ ಹುಡುಗನೊಬ್ಬ ಕನಸು ಕಾಣುವಾಗ ಅವನಿಗೆ ಕಾಣುವುದಾದರೂ ಏನು? ಚಿತ್ರಮಂದಿರದಲ್ಲಿ ತಾನು ನೋಡಿ ಬಂದ ದೃಶ್ಯಗಳೇ ಅಲ್ಲವೆ? ಮಕ್ಕಳ ಕನಸುಗಳೆಲ್ಲ ಹಳೆಯ ಸಾಮಗ್ರಿಯಿಂದಲೇ ಹೊಲಿದವು. ಸಂಸ್ಥೆಯ ಬಡತನ ಇಲ್ಲಿ ಆ ಮಗುವಿನ ಬಡತನದೊಂದಿಗೆ ಬೆರೆತುಹೋಗುತ್ತದೆ. ಆ ದಿನ ಚಿತ್ರಮಂದಿರದಲ್ಲಿ ಕುಳಿತಿದ್ದ ಮಕ್ಕಳಲ್ಲಿ ಎಷ್ಟು ಮಂದಿಯ ಜೇಬಿನಲ್ಲಿ ಅಂಥ ಕೀಲಿಯಿತ್ತೊ! ಅವರ ಪಾಡನ್ನು ಗಂಭೀರ ಚಿತ್ರಗಳು ನೋಡುವ ಮೊದಲೇ ಈ ಅಗ್ಗದ ಚಿತ್ರ ಕಣ್ಣೆತ್ತಿ ನೋಡಿತೆಂದು ನನಗನ್ನಿಸುತ್ತದೆ.

1971ರ ಇನ್ನೊಂದು ಚಿತ್ರದಲ್ಲಿ ಗೊಜಿರಾದ ಎದುರಾಳಿ ಹೆಡೋರಾ. ಕಾರ್ಖಾನೆಗಳು ಕಡಲಿಗೆ ಬಿಟ್ಟ ಕೊಳಕಿನಿಂದ ಬೆಳೆದು, ಚಿಮಣಿಗಳ ಹೊಗೆಯನ್ನು ಹೀರಿ ಕೊಬ್ಬುವ ಕೆಸರಿನ ರಾಶಿ. ಯೊಶಿಮಿತ್ಸು ಬನ್ನೊ ಎಂಬ ಯುವ ನಿರ್ದೇಶಕರು ಒಂದೇ ತಂಡದಿಂದ ಅದನ್ನು 35 ದಿನಗಳಲ್ಲಿ ಚಿತ್ರೀಕರಿಸಿದರು. ಯೊಕ್ಕಾಯ್ಚಿ ನಗರದ ಜನ ಕಾರ್ಖಾನೆಯ ಹೊಗೆಯಿಂದ ಉಬ್ಬಸಪಡುತ್ತಿದ್ದ, ಮಿನಮಾಟಾದ ಜನ ಪಾದರಸದ ವಿಷದಿಂದ ನರಳುತ್ತಿದ್ದ ಕಾಲ ಅದು. ಕೆಸರಿನ ವೇಷ ನೋಡಲು ನಗೆ ಬರಿಸುತ್ತದೆ. ಅದು ಹಾರಿಹೋದ ದಾರಿಯಲ್ಲಿ ಮನುಷ್ಯರು ಕುಸಿದು ಬೀಳುವುದು ನಗೆ ಬರಿಸುವುದಿಲ್ಲ.

ಹಾಗೆಂದು ಬಡತನವೇ ಒಂದು ಗುಣವೆಂದು ನಾನು ವಾದಿಸುತ್ತಿಲ್ಲ. 1957ರಲ್ಲಿ ಅಮೆರಿಕದಲ್ಲಿ 'ದಿ ಜಯಂಟ್ ಕ್ಲಾ' ಎಂಬ ಚಿತ್ರ ಬಂತು. ಅದರಲ್ಲೊಂದು ದೈತ್ಯ ಪಕ್ಷಿ. ಮೆಕ್ಸಿಕೊದಲ್ಲಿ ಅಗ್ಗವಾಗಿ ಮಾಡಿಸಿ ತಂದ ಆ ಬೊಂಬೆಯನ್ನು ನಟರಿಗೆ ಚಿತ್ರೀಕರಣದ ವೇಳೆ ತೋರಿಸಲೇ ಇಲ್ಲ. ಅವರು ಶೂನ್ಯವನ್ನು ನೋಡಿ ಗಂಭೀರವಾಗಿ ಭಯಪಟ್ಟರು. ಚಿತ್ರ ತೆರೆಗೆ ಬಂದಾಗ, ಉದ್ದ ಕತ್ತಿನ, ಕೆದರಿದ ಜುಟ್ಟಿನ, ಉಬ್ಬುಗಣ್ಣಿನ ಆ ಹಕ್ಕಿಯನ್ನು ಕಂಡು ಜನ ಹೊಟ್ಟೆ ಹಿಡಿದು ನಕ್ಕರು. ನಾಯಕನ ಪಾತ್ರ ವಹಿಸಿದ್ದ ಜೆಫ್ ಮಾರೊ ನಾಚಿ, ಯಾರ ಕಣ್ಣಿಗೂ ಬೀಳದಂತೆ ಹೊರಗೆ ನಡೆದರಂತೆ. ಹ್ಯಾರಿಹೌಸೆನ್ನರಿಗೂ ಹಣವಿರಲಿಲ್ಲ, ಈ ಚಿತ್ರದವರಿಗೂ ಇರಲಿಲ್ಲ. ಎರಡು ಚಿತ್ರಗಳ ಹಿಂದೆ ಇದ್ದ ನಿರ್ಮಾಪಕ ಸ್ಯಾಮ್ ಕ್ಯಾಟ್ಸ್‌ಮನ್ ಒಬ್ಬರೇ. ಹ್ಯಾರಿಹೌಸೆನ್ ಎರಡು ಕಾಲನ್ನು ಬಿಟ್ಟು, ಉಳಿದ ಆರಕ್ಕೆ ತಮ್ಮ ದಿನರಾತ್ರಿಗಳನ್ನು ಕೊಟ್ಟರು. ಆ ಹಕ್ಕಿಗೆ ಅಂಥ ದಿನರಾತ್ರಿಗಳನ್ನು ಕೊಟ್ಟವರು ಯಾರೂ ಇದ್ದಂತೆ ಕಾಣುವುದಿಲ್ಲ. ಒಂದನ್ನು ನೋಡಿ ನಗುವಾಗ ನಮ್ಮ ನಗೆಯಲ್ಲಿ ವಾತ್ಸಲ್ಯವಿರುತ್ತದೆ. ಇನ್ನೊಂದನ್ನು ನೋಡಿ ನಗುವಾಗ ಬರಿಯ ತಾತ್ಸಾರ.

ಇಂದು ಗಣಕಯಂತ್ರದ ನೆರವಿನಿಂದ ಯಾವ ಮೃಗವನ್ನಾದರೂ ಲೋಪವಿಲ್ಲದೆ ತೆರೆಗೆ ತರಬಹುದು. ಕಾಲುಗಳೆಲ್ಲ ಲೆಕ್ಕಕ್ಕೆ ಸರಿಯಾಗಿರುತ್ತವೆ. ಎಷ್ಟೋ ಸಲ ಪ್ರೇಕ್ಷಕನಿಗೆ ಮಾತ್ರ ಮಾಡಲು ಏನೂ ಉಳಿದಿರುವುದಿಲ್ಲ. ಈ ಹೊಸ ಸಲಕರಣೆಗಳಲ್ಲೂ ಹಳೆಯ ನಿಷ್ಠೆ ಸಾಧ್ಯವೆಂಬುದಕ್ಕೆ ಒಂದು ಉದಾಹರಣೆಯಿದೆ. 2023ರಲ್ಲಿ ತಕಾಶಿ ಯಮಜಾಕಿ ನಿರ್ದೇಶಿಸಿದ 'ಗಾಡ್ಜಿಲ್ಲಾ ಮೈನಸ್ ಒನ್' ಯುದ್ಧದಲ್ಲಿ ಸೋತ ಜಪಾನಿನ ಕಥೆಗೇ ಮರಳಿತು. ಹಾಲಿವುಡ್ಡಿನ ಇಂಥ ಚಿತ್ರಗಳಿಗೆ ತಗಲುವ ಹಣದಲ್ಲಿ ಒಂದು ಸಣ್ಣ ಪಾಲಿನಿಂದ, 35 ಮಂದಿಯ ಪುಟ್ಟ ತಂಡ ಅದರ ದೃಶ್ಯಗಳನ್ನು ರೂಪಿಸಿತು. 2024ರಲ್ಲಿ ದೃಶ್ಯತಂತ್ರಕ್ಕಾಗಿ ಕೊಡುವ ಆಸ್ಕರ್ ಪ್ರಶಸ್ತಿ ಅವರಿಗೆ ಸಂದಿತು.

ನಕಜಿಮಾ 1972ರವರೆಗೆ ಹನ್ನೆರಡು ಚಿತ್ರಗಳಲ್ಲಿ ಗೊಜಿರಾದ ವೇಷ ಹೊತ್ತರು, 2017ರಲ್ಲಿ ತೀರಿಕೊಂಡರು. ಬದುಕಿನ ಬಹುಭಾಗ ಅವರ ಮುಖವನ್ನು ಜನ ಗುರುತಿಸುತ್ತಿರಲಿಲ್ಲ, ನಡಿಗೆಯನ್ನು ಮಾತ್ರ ಲೋಕವೇ ಬಲ್ಲದು. ಮುಂದೆ ಎಂದಾದರೂ ಈ ಹಳೆಯ ಚಿತ್ರಗಳಲ್ಲಿ ಒಂದು ನಿಮ್ಮ ಕಣ್ಣಿಗೆ ಬಿದ್ದರೆ, ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ನೋಡಿ. ತಂತಿ ಕಂಡಾಗ ಅವರೊಂದಿಗೆ ನೀವೂ ನಗಿ. ಆಮೇಲೆ ಅವರು ಏನಾದರೂ ಕೇಳಿದರೆ, ನಗೆಯನ್ನು ನಿಲ್ಲಿಸಿ ಉತ್ತರ ಹೇಳಿ.